ಕಣ್ಣಿಲ್ಲದವರು ಕಟ್ಟಿದ ಮನೆ

(ಅಕ್ಕಲಕೋಟೆಯಲ್ಲಿ ದುಡಿಯುವ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಸೊಲ್ಲಾಪುರದಿಂದ ಹೊಟಗಿ, ವಿಜಯಪುರ, ಬಾಗಲಕೋಟೆ ದಾಟಿ ಹೋಗುವ ರೈಲು ಹಾದಿಯಲ್ಲಿ ಗದಗ ಸಿಗುತ್ತದೆ. ಅಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಅದನ್ನು ಕಟ್ಟಿದವರಿಗೂ ಕಣ್ಣಿರಲಿಲ್ಲ, ಬೆಳೆಸಿದವರಿಗೂ ಕಣ್ಣಿರಲಿಲ್ಲ.

ಕಟ್ಟಿದವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಸಂಗೀತ ಕಲಿಯಲು ಹಚ್ಚಿದರು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ಕಲಿತ ಮೇಲೆ ತಾವೊಬ್ಬರೇ ಹಾಡಿಕೊಂಡು ಸುಖವಾಗಿರಬಹುದಿತ್ತು. ಹಾಗೆ ಮಾಡದೆ ಅಂಧ ಮಕ್ಕಳನ್ನು, ಬಡವರ ಮಕ್ಕಳನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿದರು. ಅನ್ನವನ್ನೂ ಕೊಟ್ಟರು, ವಿದ್ಯೆಯನ್ನೂ ಕೊಟ್ಟರು.

ಅಂಥ ಮಕ್ಕಳಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು. 1914ರ ಮಾರ್ಚ್ 3ರಂದು ಹಾವೇರಿ ಬಳಿಯ ದೇವಗಿರಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ದೃಷ್ಟಿ ಹೋಯಿತು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಕಲಿತರು. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಭಾರವೆಲ್ಲ ಮೂವತ್ತರ ಈ ಶಿಷ್ಯರ ಹೆಗಲಿಗೆ ಬಂತು. ಅಷ್ಟೊಂದು ಮಕ್ಕಳ ಹೊಟ್ಟೆ ತುಂಬಬೇಕು. ಅವರು ಸ್ವತಃ ನಾಟಕ ಬರೆದರು, ಕಂಪನಿ ನಡೆಸಿದರು, ಆಟದ ಗಳಿಕೆಯಿಂದ ಆಶ್ರಮದ ಒಲೆ ಉರಿಸಿದರು. ಭಕ್ತರು ತುಲಾಭಾರ ಮಾಡಿದ ಹಣವೂ ಆಶ್ರಮಕ್ಕೇ ಸೇರಿತು.

ಅವರು ಬ್ರೈಲ್ ಲಿಪಿ ಬಲ್ಲವರು. ಆರು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಆ ಲಿಪಿಯನ್ನು ಮಾಡಿದ ಫ್ರಾನ್ಸಿನ ಲೂಯಿ ಬ್ರೈಲ್ ಕೂಡ ದುಡಿಯುವವನ ಮಗ. ಚರ್ಮದ ಕೆಲಸ ಮಾಡುವ ತಂದೆಯ ಅಂಗಡಿಯಲ್ಲಿ, ಮೂರು ವರ್ಷದವನಿದ್ದಾಗ, ಹರಿತವಾದ ಉಪಕರಣ ತಗಲಿ ಕಣ್ಣು ಕಳೆದುಕೊಂಡವನು. ಮುಂದೆ ಪ್ಯಾರಿಸಿನ ದೇವಾಲಯದಲ್ಲಿ ಆರ್ಗನ್ ನುಡಿಸಿದನು.

ಕಣ್ಣಿದ್ದವರೂ ಗದಗಿಗೆ ಕಲಿಯಲು ಬಂದರು. ತೊಗಲುಗೊಂಬೆ ಆಡಿಸುವವರ ಮಗ ವೆಂಕಟೇಶ ಕುಮಾರರು ಪುಟ್ಟರಾಜರ ಬಳಿ ಕಲಿತು ಇಂದು ದೇಶಕ್ಕೆಲ್ಲ ಹೆಸರಾಗಿದ್ದಾರೆ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು.

ಕಬ್ಬಿನ ಹೊಲವಿರಲಿ, ಕಾಫಿ ತೋಟದ ಲೈನಿರಲಿ, ಕೂಲಿಯವರ ಮನೆಯಲ್ಲಿ ಅಂಧ ಮಗು ಹುಟ್ಟಿದರೆ ದುಡಿಯದ ಬಾಯೊಂದು ಹೆಚ್ಚಿತೆಂದು ಮೂಲೆಗೆ ಕೂಡಿಸುತ್ತೇವೆ, ಇಲ್ಲವೆ ತಟ್ಟೆ ಕೊಟ್ಟು ಬಸ್‌ಸ್ಟ್ಯಾಂಡಿಗೆ ಕಳಿಸುತ್ತೇವೆ. ಆ ಗುರುಶಿಷ್ಯರು ಮಕ್ಕಳ ಕೈಗೆ ತಟ್ಟೆ ಕೊಡಲಿಲ್ಲ, ತಂಬೂರಿ ಕೊಟ್ಟರು. ಎಲ್ಲ ಮಕ್ಕಳೂ ಗವಾಯಿಗಳಾಗಲಾರರು. ಆದರೆ ಓದು, ಕಸುಬು ಎಲ್ಲರಿಗೂ ಬೇಕು. ನಿಮ್ಮ ಲೈನಿನಲ್ಲಿ ಅಂಥ ಮಗುವಿದ್ದರೆ ಈ ವರ್ಷವೇ ಶಾಲೆಗೆ ಸೇರಿಸಿರಿ. ಅರ್ಜಿ ಬರೆಯಲು ಬಾರದಿದ್ದರೆ ನಮ್ಮ ಬಳಿ ಬನ್ನಿರಿ, ಕೂಡಿ ಬರೆಯೋಣ.