ಮುಂಗಡದ ಬಡ್ಡಿ

ಬಾಡಿಗೆಯ ಮನೆಯಲ್ಲಿ ಬಾಳಿದವರಿಗೆಲ್ಲ ಒಂದು ವಿಚಿತ್ರ ಹಣದ ಪರಿಚಯವಿರುತ್ತದೆ. ಅದು ನಮ್ಮದು, ಆದರೆ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಮುಂಗಡವೆಂದು ಹೆಸರು. ಬಳಕೆಯ ಮಾತಿನಲ್ಲಿ ಅಡ್ವಾನ್ಸು.

1984ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಒಂದು ಮನೆ ಹಿಡಿದೆ. ಬಾಡಿಗೆ ತಿಂಗಳಿಗೆ 600 ರೂಪಾಯಿ. ಊರಿನ ರೂಢಿಯಂತೆ ಹತ್ತು ತಿಂಗಳ ಮುಂಗಡ, 6,000. ನನ್ನಾಕೆಯ ಎರಡು ಬಳೆಗಳು ಆ ಮೊತ್ತದಲ್ಲಿ ಕರಗಿದ್ದವು. ಏಳು ವರ್ಷಗಳ ಬಳಿಕ ಮನೆ ಬಿಟ್ಟಾಗ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು 5,400 ರೂಪಾಯಿ ಹಿಂದಿರುಗಿಸಿದರು. ಮನೆಯೊಡೆಯರು ಸಜ್ಜನರೇ. ಬಡ್ಡಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶೇಕಡಾ 6ರ ಸರಳ ಬಡ್ಡಿ ಹಿಡಿದರೂ ಅದು 2,520 ರೂಪಾಯಿ; ನಾಲ್ಕು ತಿಂಗಳ ಬಾಡಿಗೆಗೂ ಮಿಗಿಲು. ಚಿನ್ನದ ಬೆಲೆ ಅಷ್ಟರಲ್ಲಿ ಏರಿತ್ತು. ಬಳೆಗಳು ಮರಳಿ ಬರಲಿಲ್ಲ.

ಬಡ್ಡಿಯ ಲೆಕ್ಕ ನಮಗೆ ತಿಳಿಯದ ವಿದ್ಯೆಯೇ? ನಮ್ಮಲ್ಲಿ ಭೋಗ್ಯವೆಂಬ ಪದ್ಧತಿಯುಂಟು. ದೊಡ್ಡ ಮೊತ್ತವನ್ನು ಒಡೆಯನಿಗೆ ಒಪ್ಪಿಸಿದವನು ಬಾಡಿಗೆಯಿಲ್ಲದೆ ಮನೆಯಲ್ಲಿರುತ್ತಾನೆ. ಅವಧಿ ಮುಗಿದಾಗ ಅಸಲು ಅವನಿಗೆ ಹಿಂದಿರುಗುತ್ತದೆ. ಅಂದರೆ ಹಣದ ಬಡ್ಡಿಯೇ ಮನೆಯ ಬಾಡಿಗೆ. ಭೋಗ್ಯದಲ್ಲಿ ದುಡಿಯುವ ಹಣ, ಮುಂಗಡವೆಂಬ ಹೆಸರು ಹೊತ್ತೊಡನೆ ಸೋಮಾರಿಯಾಗುವುದೇ? ದುಡಿಯುತ್ತಲೇ ಇರುತ್ತದೆ, ಕೂಲಿ ಮಾತ್ರ ಬೇರೊಬ್ಬರ ಜೇಬಿಗೆ.

ಆ ಕೂಲಿ ಯಾರದೆಂಬುದನ್ನು ಕೆಲವು ದೇಶಗಳಲ್ಲಿ ಕಾನೂನೇ ಹೇಳಿದೆ. ಜರ್ಮನಿಯ ನಾಗರಿಕ ಸಂಹಿತೆಯ 551ನೆಯ ವಿಧಿಯಂತೆ ವಾಸದ ಮನೆಯ ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ಒಡೆಯನು ಅದನ್ನು ತನ್ನ ಸ್ವತ್ತಿನಿಂದ ಬೇರೆಯಾಗಿ ಇರಿಸಬೇಕು. ಬಂದ ಬಡ್ಡಿ ಬಾಡಿಗೆದಾರನದು. ನಮ್ಮ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ಎರಡು ತಿಂಗಳ ಮಿತಿಯನ್ನು ಸೂಚಿಸಿತು. ಆದರೆ ಅದು ಮಾದರಿ. ರಾಜ್ಯವೊಂದು ತನ್ನದಾಗಿಸಿಕೊಂಡಲ್ಲದೆ ಅಲ್ಲಿ ಅದಕ್ಕೆ ಬಲವಿಲ್ಲ.

ಒಡೆಯರ ಪಕ್ಷವನ್ನೂ ಹೇಳಬೇಕು. ಈಗ ನಾನೂ ಒಬ್ಬ ಒಡೆಯ. ಮುರಿದ ನಲ್ಲಿಗೆ, ಬಾಕಿ ನಿಂತ ವಿದ್ಯುತ್ ಬಿಲ್ಲಿಗೆ ಒಂದು ಆಧಾರ ಬೇಕು, ನಿಜ. ಆದರೆ ಅದು ಭದ್ರತೆಗೆ, ಆದಾಯಕ್ಕಲ್ಲ. ಮೊನ್ನೆ ಮಹಡಿಯ ಮನೆಯ ಕರಾರುಪತ್ರವನ್ನು ತೆಗೆದು ಓದಿದೆ. ‘ಬಡ್ಡಿರಹಿತ ಮುಂಗಡ’ ಎಂದಿತ್ತು. ಕೆಳಗೆ ನನ್ನದೇ ರುಜು. ಬರೆದವನು ರೂಢಿಯಂತೆ ಬರೆದಿದ್ದ. ನಾನು ರೂಢಿಯಂತೆ ಓದದೆ ರುಜು ಹಾಕಿದ್ದೆ.

ಬರುವ ತಿಂಗಳು ಆ ಸಂಸಾರ ಮನೆ ಬಿಡುತ್ತದೆ. ಮುಂಗಡದೊಡನೆ, ಬ್ಯಾಂಕು ಅದಕ್ಕೆ ಕೊಟ್ಟ ಬಡ್ಡಿಯನ್ನೂ ಎಣಿಸಿಕೊಡಬೇಕೆಂದಿದ್ದೇನೆ. ಇದನ್ನು ಔದಾರ್ಯವೆಂದು ತಿಳಿಯಬಾರದು. ವಿಷಯ ಹೇಳಿದಾಗ ನನ್ನಾಕೆ ಬಹಳ ಮಾತಾಡಲಿಲ್ಲ. “ಆ ಹುಡುಗಿಯ ಬಳೆಗಳೂ ಅದರಲ್ಲಿ ಇದ್ದಾವು” ಎಂದಳು.