ರಸೀದಿ ಕೇಳಿದ ಗೆಳೆಯ



ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಎರಡು ಮಾತನಾಡಬೇಕೆಂದು ಮುಖ್ಯಗುರುಗಳು ಹೇಳಿದರು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆಂದು ಕರೆದಿದ್ದಾರೆ. ಆದರೆ ನಾನು ಹೇಳಬೇಕೆಂದಿರುವುದು ನನ್ನ ಸಾಧನೆಯನ್ನಲ್ಲ, ಇದೇ ಶಾಲೆಯಲ್ಲಿ ಮಾಡಿದ ಒಂದು ತಪ್ಪನ್ನು.

ಒಂಬತ್ತನೇ ತರಗತಿಯಲ್ಲಿ ನಾನು ಕ್ಲಾಸ್ ಲೀಡರ್. ಮಸ್ಕಿ ಪ್ರವಾಸಕ್ಕೆ ತಲಾ 40 ರೂಪಾಯಿಯಂತೆ ಹಣ ಕೂಡಿಸುವ ಜವಾಬ್ದಾರಿ ನನ್ನದು. ಅದೇ ವಾರ ಊರ ಜಾತ್ರೆ. ಆ ಹಣದಲ್ಲಿ 200 ರೂಪಾಯಿ ತೆಗೆದು ಕೈಗಡಿಯಾರ ಕೊಂಡು ಮನೆಯಲ್ಲಿ ಬಚ್ಚಿಟ್ಟೆ. ಲೆಕ್ಕ ಕೇಳಿದಾಗ, ಚೀಲದಲ್ಲಿದ್ದ ಹಣ ಕಳುವಾಗಿದೆ ಎಂದೆ. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಎಲ್ಲರ ಕಣ್ಣು ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನ ಮೇಲೆ ಹೋಯಿತು. ಅವನ ಮನೆಯವರು ಕೂಲಿ ಮಾಡುವವರು. ಅನುಮಾನಕ್ಕೆ ಅಷ್ಟೇ ಸಾಕಾಯಿತು. ಅವನು ಎರಡು ದಿನ ಶಾಲೆಗೇ ಬರಲಿಲ್ಲ. ಮೂರನೆಯ ದಿನ ಸಮಾಜ ವಿಜ್ಞಾನದ ಗುರುಗಳ ಬಳಿ ಹೋಗಿ ಒಪ್ಪಿಕೊಂಡೆ.

ಅವರು ಹೊಡೆಯಲಿಲ್ಲ. “ನನಗೆ ಹೇಳಿದ್ರ ಸಾಲದಪ್ಪ. ಕ್ಲಾಸಿನ ಮುಂದ ಹೇಳು. ಅವನ ಮನಿಗೆ ಹೋಗಿ ಅವರಪ್ಪ, ಅವ್ವನ ಮುಂದ ಹೇಳು. ಆಮೇಲೆ ರೊಕ್ಕದ ಮಾತು” ಎಂದರು. ಎಲ್ಲವನ್ನೂ ಮಾಡಿದೆ. ಆ ವರ್ಷದ ಹಬ್ಬದ ಬಟ್ಟೆಗೆಂದು ಅಪ್ಪ ಇಟ್ಟಿದ್ದ ಹಣ ಪ್ರವಾಸದ ಲೆಕ್ಕಕ್ಕೆ ಜಮೆಯಾಯಿತು.

ಪ್ರವಾಸದಲ್ಲಿ ಗುರುಗಳು ಅಶೋಕನ ಶಾಸನ ತೋರಿಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ ಬಂಡೆ ಅದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಖಚಿತವಾದದ್ದು ಅದರಿಂದ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದರು ಎಂದು ಅವನೇ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಬರೆಸಿದ್ದಾನೆ. ತಪ್ಪಿನ ಲೆಕ್ಕವನ್ನು ಮುಚ್ಚಿಡಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ, ತಾನು ಉಪಾಸಕನಾಗಿ ಎರಡೂವರೆ ವರ್ಷವಾದರೂ ಮೊದಲ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಚಕ್ರವರ್ತಿಗೂ ಬದಲಾಗಲು ಕಾಲ ಬೇಕಾಯಿತು. ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂಬ ಮಾತು ಮಸ್ಕಿಯ ಬಂಡೆಯಲ್ಲಿದೆ. ಗುರುಗಳು ಆ ಮಾತು ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆದರೆ ನನಗೇ ಹೇಳಿದರೆಂದು ಗೊತ್ತಾಯಿತು.

ಮರುವಾರ ಅವರು 10 ರೂಪಾಯಿ ಕೊಟ್ಟು ಸೀಮೆಸುಣ್ಣ ತರಲು ನನ್ನನ್ನೇ ಕಳಿಸಿದರು. ಚೀಟಿ, ಚಿಲ್ಲರೆ ಎರಡನ್ನೂ ಎಣಿಸಿ ತೆಗೆದುಕೊಂಡರು. ವರ್ಷವಿಡೀ ಹೀಗೇ ನಡೆಯಿತು. ಗೆಳೆಯ ಮಾತ್ರ ಮಾತನಾಡಲಿಲ್ಲ. ಹತ್ತನೇ ತರಗತಿಯಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಅವನಿಗೆ ಹತ್ತಿ ಬಿಡಿಸುವ ಕೆಲಸವಿತ್ತು. ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದು ಹಣ ಕೈಗಿಟ್ಟು, “ಕಟ್ಟಿ ಬಾ. ರಸೀದಿ ತಗೊಂಡು ಬಾ” ಎಂದ. ಒಂದು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ಸಂಜೆ ರಸೀದಿ ಕೊಟ್ಟೆ. ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡ.

ರಸೀದಿ ಕೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ನಂಬಿಕೆ ಕೆಡಿಸಿದವನು ‘ಇನ್ನೂ ನಂಬೋದಿಲ್ಲವಾ?’ ಎಂದು ಕೇಳಬಾರದು. ಕೇಳುವ ಮೊದಲೇ ಲೆಕ್ಕ ಕೊಡಬೇಕು. ಕ್ಷಮೆ ಒಂದೇ ದಿನದಲ್ಲಿ ಸಿಗಬಹುದು, ನಂಬಿಕೆ ಮಾತ್ರ ಚಿಲ್ಲರೆಯಾಗಿಯೇ ವಾಪಸ್ ಬರುತ್ತದೆ.

ನನ್ನ ವೃತ್ತಿಯಲ್ಲೂ ಇದೇ ರೀತಿ. ನಾವು ಬರೆದ ಪ್ರೋಗ್ರಾಮಿನ ಪ್ರತಿ ಬದಲಾವಣೆಯ ದಾಖಲೆ ‘ಗಿಟ್’ ಎಂಬ ವ್ಯವಸ್ಥೆಯಲ್ಲಿ ಉಳಿಯುತ್ತದೆ. ತಪ್ಪಾದರೆ ಸಾಮಾನ್ಯವಾಗಿ ಹಳೆಯ ದಾಖಲೆ ಅಳಿಸುವುದಿಲ್ಲ. ಸರಿಪಡಿಸಿದ್ದನ್ನು ಅದರ ಮುಂದೆ ಸೇರಿಸುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಗ್ರಾಹಕರ ಮಾಹಿತಿ ಅಳಿಸಿಬಿಟ್ಟಿದ್ದೆ. ಯಾರೂ ಪತ್ತೆ ಹಚ್ಚುವ ಮೊದಲೇ ಮೇಲಿನವರಿಗೆ ಫೋನ್ ಮಾಡಿದೆ. ಆ ಧೈರ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಂದದ್ದಲ್ಲ, ಇಲ್ಲಿಯ ಒಂಬತ್ತನೇ ತರಗತಿಯಲ್ಲಿ ಬಂದದ್ದು.

ಗುರುಗಳಲ್ಲಿ, ಪಾಲಕರಲ್ಲಿ ನನ್ನದೊಂದೇ ವಿನಂತಿ. ತಪ್ಪು ಮಾಡಿದ ಮಗುವಿಗೆ ‘ಕಳ್ಳ’ ಎಂದು ಹೆಸರಿಡಬೇಡಿ. 10 ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿ, ಚಿಲ್ಲರೆಯನ್ನೂ ಎಣಿಸಿಕೊಳ್ಳಿ.

ಆ ಗೆಳೆಯ ಇಂದು ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದಾನೆ. ಈ ಸಮಾರಂಭದ ದೇಣಿಗೆ ಲೆಕ್ಕವನ್ನು ಸಮಿತಿಯವರು ನಮ್ಮಿಬ್ಬರಿಗೆ ಒಪ್ಪಿಸಿದ್ದಾರೆ. ಪ್ರತಿ ರೂಪಾಯಿಗೂ ರಸೀದಿ ಇದೆ. ಯಾರು ಬೇಕಾದರೂ ಬಂದು ನೋಡಬಹುದು.