ನಗರದ ತೋಟಕ್ಕೊಬ್ಬ ನೀರುಗಂಟಿ



ನಗರದ ಸಮುದಾಯ ತೋಟಗಳನ್ನು ಕುರಿತ ಈ ವಿಚಾರ ಸಂಕಿರಣದ ಆಶಯವನ್ನು ಒಂದು ಸೋಲಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಕಸ ಸುರಿಯುತ್ತಿದ್ದ ಖಾಲಿ ಸೈಟೊಂದನ್ನು ಇಪ್ಪತ್ತು ಮನೆಯವರು ಸೇರಿ ಹಸನು ಮಾಡಿದೆವು. ಇಟ್ಟಿಗೆ ಚೂರು ಆರಿಸಿದೆವು, ಎರಡು ಲೋಡ್ ಕೆಮ್ಮಣ್ಣು ಹೊಡೆಸಿದೆವು, ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿ ಕಟ್ಟಿದೆವು. ಮೊದಲ ಮಳೆಗಾಲದಲ್ಲಿ ದಂಟು, ಮೆಂತ್ಯ ಹುಲುಸಾಗಿ ಬಂದವು. ಚಪ್ಪರದ ತುಂಬ ಹೀರೆಕಾಯಿ. ಎರಡನೆಯ ಬೇಸಿಗೆಗೆ ಉಳಿದದ್ದು ಒಣಬಳ್ಳಿ ಮತ್ತು ಬೀಗ ಹಾಕಿದ ಗೇಟು. ದಿನವೂ ನೀರು ಹಾಯಿಸುತ್ತಿದ್ದ ಹಿರಿಯರೊಬ್ಬರು ಮಗಳ ಊರಿಗೆ ಹೋದರು. ಅವರ ನಂತರ ಯಾರ ಸರದಿ ಎಂದು ನಾವು ಗೊತ್ತುಮಾಡಿರಲಿಲ್ಲ. ಸಂಪಿನಲ್ಲಿ ನೀರಿತ್ತು, ಪಂಪು ಚೆನ್ನಾಗಿತ್ತು. ಆದರೂ ತೋಟ ಒಣಗಿತು.

ಬೆಂಗಳೂರಿಗೆ ಮನೆ ತೋಟ ಹೊಸದಲ್ಲ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟವನ್ನು ಇಲ್ಲಿ ಒಂದು ಚಳವಳಿಯಾಗಿಸಿದರು. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳು ಬೀಜ, ಗೊಬ್ಬರ, ಅನುಭವಗಳನ್ನು ಮನೆಮನೆಗೆ ತಲುಪಿಸಿದವು. ಆದರೆ ತಾರಸಿ ತೋಟಕ್ಕೆ ಸ್ವಂತ ತಾರಸಿ ಬೇಕು. ಬಾಡಿಗೆ ಮನೆಯವರು, ಶೀಟಿನ ಸೂರಿನಡಿ ಬದುಕುವವರು, ಊರಲ್ಲಿ ಹೊಲ ಬಿಟ್ಟು ಕಟ್ಟಡದ ಕೆಲಸಕ್ಕೆ ಬಂದವರು ಎಲ್ಲಿ ಬಿತ್ತಬೇಕು? ಬೇಸಾಯ ಬಲ್ಲ ಕೈಗಳು ನಗರದಲ್ಲಿ ಹೆಚ್ಚಾಗಿ ಇವರವೇ. ಸಮುದಾಯ ತೋಟ ಮೊದಲು ಇವರಿಗಾಗಿ.

ಹಲವರಿಗೆ ಸೇರಿದ ಸ್ವತ್ತನ್ನು ಕಾಯುವ ವಿದ್ಯೆ ನಮ್ಮ ನಾಡಿಗೆ ಗೊತ್ತಿತ್ತು. ಬಯಲುಸೀಮೆಯ ಕೆರೆಗಳನ್ನು ನೆನೆಯಿರಿ. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸಿ ಹಾಯಿಸುತ್ತಿದ್ದವನು ನೀರುಗಂಟಿ. ಆ ಕೆಲಸಕ್ಕೆ ಸುಗ್ಗಿಯ ರಾಶಿಯಲ್ಲಿ ಅವನಿಗೆ ಪಾಲಿತ್ತು. ಉಳುಮೆ, ನಾಟಿಗೆ ಮುಯ್ಯಾಳುಗಳಿದ್ದರು: ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಗಳೂ ಇದ್ದವು. ಅವನ್ನು ಅಲ್ಲೇ ಬಿಟ್ಟು, ಹೊಣೆ ಮತ್ತು ಪಾಲು ಒಟ್ಟಿಗೆ ಸಾಗಬೇಕೆಂಬ ತತ್ವವನ್ನು ಮಾತ್ರ ನಾವು ತರಬೇಕು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿ 1990ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ. ಬಳಸುವವರೇ ನಿಯಮ ಮಾಡಿದಾಗ, ಅದರ ಪಾಲನೆಯನ್ನು ಯಾರಾದರೂ ನೋಡಿಕೊಂಡಾಗ, ತಪ್ಪಿದವರಿಗೆ ಮೊದಲು ಸಣ್ಣ ದಂಡ ವಿಧಿಸಿದಾಗ ಸಾಮುದಾಯಿಕ ಸ್ವತ್ತು ತಲೆಮಾರುಗಳ ಕಾಲ ಬಾಳಿದೆ.

ಹೊಣೆ ಯಾರದು ಎಂಬುದು ಮೊದಲ ಪ್ರಶ್ನೆಯಾದರೆ, ಎರಡನೆಯ ಪ್ರಶ್ನೆ ನೆಲದ್ದು. 1973ರಲ್ಲಿ ನ್ಯೂಯಾರ್ಕಿನ ಬೌರಿ ಬೀದಿಯ ಮೂಲೆಯೊಂದರಲ್ಲಿ ಕಸ ತುಂಬಿದ್ದ ಜಾಗವನ್ನು ಲಿಜ್ ಕ್ರಿಸ್ಟಿ ಮತ್ತು ಸಂಗಡಿಗರು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಬಿಟ್ಟುಕೊಟ್ಟಿತು. 1978ರಲ್ಲಿ ಇಂಥ ತೋಟಗಳಿಗೆಂದೇ ಒಂದು ಸರಕಾರಿ ಕಾರ್ಯಕ್ರಮ ಬಂತು. ಇಷ್ಟಾಗಿಯೂ 1999ರಲ್ಲಿ ಅದೇ ನಗರಾಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಕೊನೆಯ ಗಳಿಗೆಯಲ್ಲಿ ಎರಡು ಸಂಸ್ಥೆಗಳು ಹಣ ಹೊಂದಿಸಿ ಕೊಂಡುಕೊಂಡದ್ದರಿಂದ ಅವು ಉಳಿದವು. ಮಣ್ಣು ಹದವಾದಂತೆ ಜಾಗದ ಬೆಲೆಯೂ ಏರುತ್ತದೆ. ಬಾಯಿಮಾತಿನ ಒಪ್ಪಿಗೆಯ ಮೇಲೆ ತೋಟ ಮಾಡುವವರು ಇದನ್ನು ಮರೆಯಬಾರದು. ನಮ್ಮಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯಿದೆ. ಜನರೇ ಬೆಳೆದು ಜನರೇ ಉಣ್ಣುವ ತೋಟಕ್ಕೂ ಅಂಥ ಭದ್ರತೆ ಸಿಗುವ ದಾರಿಯನ್ನು ಇಲ್ಲಿರುವ ಕಾನೂನು ತಜ್ಞರು ಯೋಚಿಸಬೇಕು.

ಇನ್ನು ಮಣ್ಣು, ನೀರು. ನಗರದ ಮಣ್ಣಿನಲ್ಲಿ ಹಳೆಯ ಬಣ್ಣದ ಸೀಸವಿರಬಹುದು, ಗ್ಯಾರೇಜಿನ ಎಣ್ಣೆಯಿರಬಹುದು. ಸೊಪ್ಪು ಸೀಸದಂಥ ಲೋಹಗಳನ್ನು ಬೇಗ ಹೀರಿಕೊಳ್ಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ತೋರಿಸುವ ಸಾಮಾನ್ಯ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ; ಅದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ಅನುಮಾನವಿದ್ದರೆ ಏರುಮಡಿ ಕಟ್ಟಿ ಹೊರಗಿನ ಮಣ್ಣು ತುಂಬುವುದು ಕ್ಷೇಮ. ನೀರಿನ ಲೆಕ್ಕವೂ ಕಷ್ಟದ್ದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು. ಪಕ್ಕದ ಶಾಲೆಯ 100 ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ 90,000 ಲೀಟರ್ ಬೀಳುತ್ತದೆ. 50 ಚದರ ಮೀಟರ್ ಮಡಿಗೆ, ಚದರ ಮೀಟರಿಗೆ ಐದು ಲೀಟರಿನಂತೆ, ನೂರು ಒಣದಿನಗಳಿಗೆ ಬೇಕಾಗುವುದು 25,000 ಲೀಟರ್. ತರಗೆಲೆಯ ಹೊದಿಕೆ ಹಾಸಿದರೆ ಅದೂ ಕಡಿಮೆಯಾಗುತ್ತದೆ. ಅಡುಗೆಮನೆಯ ಹಸಿ ಕಸ ಅಲ್ಲೇ ಕಾಂಪೋಸ್ಟ್ ಆದರೆ ಲಾರಿಯಲ್ಲಿ ಹಳ್ಳಿಗಳ ಅಂಚಿಗೆ ಹೋಗುವ ಹೊರೆಯೂ ಅಷ್ಟು ಇಳಿಯುತ್ತದೆ.

ಉತ್ಸಾಹಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಉದ್ಘಾಟನೆಯ ದಿನ ಗುದ್ದಲಿ ಹಿಡಿಯಲು ನೂರು ಜನ ಬರುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಯಾರು ಬರುತ್ತಾರೆ ಎನ್ನುವುದರ ಮೇಲೆ ತೋಟದ ಆಯುಸ್ಸು ನಿಂತಿದೆ. ಆದ್ದರಿಂದ ಈ ಸಂಕಿರಣ ಮೂರು ಕೆಲಸ ಮಾಡಲಿ ಎಂಬುದು ನನ್ನ ಆಶಯ. ಜಾಗದ ಒಡೆಯರೊಂದಿಗೆ ಮಾಡಿಕೊಳ್ಳುವ ಒಪ್ಪಂದಕ್ಕೆ ಸರಳ ಕನ್ನಡದಲ್ಲಿ ಒಂದು ಮಾದರಿ ಸಿದ್ಧವಾಗಲಿ. ಮಣ್ಣು ಪರೀಕ್ಷೆ ಬಡವರ ಕೈಗೆಟಕುವಂತೆ ಮಾಡುವ ದಾರಿ ಹೊಳೆಯಲಿ. ಮತ್ತು ಪ್ರತಿ ತೋಟಕ್ಕೂ, ಹೆಣ್ಣಾಗಲಿ ಗಂಡಾಗಲಿ, ಕೂಲಿಯೂ ಗೌರವವೂ ಬೆಳೆಯಲ್ಲಿ ಪಾಲೂ ಇರುವ ಒಬ್ಬ ನೀರುಗಂಟಿ ಸಿಗುವಂತಾಗಲಿ.

ಇಲ್ಲಿಂದ ಮರಳಿದ ಮೇಲೆ ಹೊಸ ತೋಟ ಆರಂಭಿಸಬೇಕೆಂದಿರುವವರಲ್ಲಿ ನನ್ನದೊಂದು ವಿನಂತಿ. ಬೀಜ ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು, ಬರುವ ಬೇಸಿಗೆಯಲ್ಲಿ ನೀರು ಹಾಕುವವರ ಹೆಸರುಗಳನ್ನು ಬರೆಯಿರಿ.